ಬೆಲ್ಲ ಸೀದ ವಾಸನೆ

ಒಬ್ಬಟ್ಟಿಗ ಪಾಕ ಇಟ್ಟು, ಬಾಗಿಲಿಗ ಬಂದ ಸೊಪ್ಪಿನವಳ ಜೊತೆ ಮಾತಿಗ ನಿಂತ್ರ ಏನಾಯ್ತದ ಅಂತ ನಿಮ್ಗೆಲ್ಲ ಗೊತ್ತು. ಮೊದಲು ಸಿಹಿ ವಾಸನೆ ಬತ್ತದ. ಆಮ್ಯಾಲ ಅದೇ ಸಿಹಿ ಒಳಗ ಒಂಚೂರು ಸುಟ್ಟ ವಾಸನೆ ಸೇರ್ಕತದ. ಅಷ್ಟರಲ್ಲಿ ಓಡಿ ಹೋದ್ರ ಪಾಕ ಉಳೀತದ, ಇಲ್ಲಾಂದ್ರ ಪಾತ್ರೆ ತಿಕ್ಕಬೇಕು. ಮೂವತ್ತು ವರ್ಷದಿಂದ ಈ ವಾಸನೆ ಹಿಡಿದು ಓಡಿದೋಳು ನಾನು. ಆದ್ರ ಇದೇ ವಾಸನೆ ನನ್ನ ಮಗನ ಹೊಸ ಕಾರಲ್ಲಿ ಬಂದಾಗ, ಓಡೋದಿರಲಿ, ಬಾಯೇ ಬಿಡ್ಲಿಲ್ಲ. ಅದರ ಕತೆ ಇವತ್ತು ಬರೀತೀನಿ.

ನಮ್ದು ಕೊಳ್ಳೇಗಾಲ. ಎಜಮಾನ್ರು ಸರ್ಕಾರಿ ಬಸ್ಸಿನ ಡ್ರೈವರಾಗಿ ರಿಟೈರಾದವರು. ಹನೂರು, ಕೌದಳ್ಳಿ, ಮಾದಪ್ಪನ ಬೆಟ್ಟ, ಈ ಕಡೆ ಯಳಂದೂರು, ಸಂತೇಮರಹಳ್ಳಿ, ಚಾಮರಾಜನಗರ, ಎಲ್ಲ ರಸ್ತೆಯ ಗುಂಡಿನೂ ಅವರಿಗ ಹೆಸರು ಹಿಡಿದು ಕರೆಯೋವಷ್ಟು ಪರಿಚಯ. ಮಗ ಮೈಸೂರಲ್ಲಿ ಕಂಪ್ಯೂಟರ್ ಕೆಲಸ. ಶನಿವಾರ ಬಂದು ಸೋಮವಾರ ಬೆಳಗ್ಗೆ ಹೋಯ್ತನ. ಅಂವ ಸಾಲ ಮಾಡಿ ಕಾರು ತಕ್ಕಂಡ. ಕಾರು ಅಂದ್ರ ನಮ್ಮಂಥೋರು ತಗೊಳ್ಳೋ ಕಾರಲ್ಲ. ನೋಡೋಕ ಚಿಕ್ಕದು, ಒಳಗ ಟರ್ಬೊ ಇಂಜಿನ್ನು, ಕೆಂಪು ಗೆರೆ, ಹಿಂದ ಎರಡು ಸೈಲೆನ್ಸರ್ ಬಾಯಿ. ಕಂಪನಿ ಹೆಸರು ಬ್ಯಾಡ ಬುಡಿ, ಇದು ಯಾರ ಮ್ಯಾಲೂ ದೂರು ಹೇಳೋ ಕತೆ ಅಲ್ಲ.

"ಕಾಂಪೌಂಡಿಗ ಇನ್ನೂ ಗಾರೆ ಆಗಿಲ್ಲ. ರೇಸ್ ಕಾರು ಬೇಕಾಯ್ತಾ ನಿಂಗ?" ಅಂದ್ರು ಇವರು.

"ರೇಸ್ ಕಾರಲ್ಲ ಕನಪ್ಪ. ಟರ್ಬೊ ಅಷ್ಟೆ."

"ಯಾವ್ದೋ ಒಂದು."

ಅಷ್ಟೇ ಮಾತು. ಆಮ್ಯಾಲ ಎರಡು ತಿಂಗಳು ಅಪ್ಪ ಮಗನ ನಡುವ ನಾನೇ ಟಪಾಲು. "ನಿಮ್ಮಪ್ಪನ್ನ ಊಟಕ್ಕ ಕರಿ", "ನಿನ್ನ ಮಗನ್ಗ ಗೇಟ್ ಹಾಕು ಅನ್ನು". ಇವರು ಆ ಕಾರಿಗ ಒಂದು ಸಲನೂ ಹತ್ತಲಿಲ್ಲ. ಮಗ ಬಾನೆಟ್ ತೆಗೆದು ನಿಂತ್ರ, ಇವರು ಪೇಪರ್ ಎತ್ಕಂಡು ಒಳಗ ಹೋಗೋರು.

ನಂಗ ಆ ಕಾರಿನ ಮ್ಯಾಲ ಆಸೆನೂ ಇತ್ತು, ಭಯನೂ ಇತ್ತು. 1983ರಲ್ಲಿ ಮಾರುತಿ 800 ಬಂದಾಗ ಅದ್ಕ 40 ಕುದುರೆ ಶಕ್ತಿನೂ ಇರಲಿಲ್ಲವಂತ, ಅದ್ರಲ್ಲೇ ಜನ ಊಟಿ ನೋಡ್ಕಂಡು ಬಂದ್ರು. ಈಗಿನ ಇದು ಹೆಚ್ಚು ಕಮ್ಮಿ ಅಷ್ಟೇ ದೊಡ್ಡ ಇಂಜಿನ್ನು, ಶಕ್ತಿ ನೂರು ಕುದುರೆಗೂ ಮ್ಯಾಲ. ಅದು ಹೆಂಗಲಾ ಅಂತ ಕೇಳ್ದೆ. ಮಗ ಹೇಳಿದ್ದು ನಂಗ ಹಿಂಗ ಅರ್ಥ ಆಯ್ತು. ಸೌದೆ ಒಲೆಗ ಊದುಗೊಳವೆಲಿ ಊದ್ರ ಉರಿ ಹೆಂಗ ಎದ್ದು ನಿಲ್ತದ? ಹಂಗ. ಇಂಜಿನ್ ಬಿಡೋ ಹೊಗೆಯೇ ಒಂದು ಪುಟಾಣಿ ಚಕ್ರ ತಿರುಗಿಸ್ತದ, ಆ ಚಕ್ರ ಹೊರಗಿನ ಗಾಳಿನ ಒತ್ತಿ ಒತ್ತಿ ಇಂಜಿನ್ ಒಳಕ್ಕ ತುಂಬ್ತದ. ನಮ್ಮನೆ ಮಿಕ್ಸಿ ನಿಮಿಷಕ್ಕ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗ್ತದ. ಈ ಟರ್ಬೊ ಚಕ್ರ 1 ಲಕ್ಷಕ್ಕೂ ಜಾಸ್ತಿ. ಅಷ್ಟು ತಿರುಗಿದ್ರ ಕಾಯ್ದೆ ಇರ್ತದಾ? ಅದ್ಕ ಅದನ್ನ ತಣ್ಣಗ ಇಡೋಕ ಎಣ್ಣೆನೂ ಬೇಕು, ನೀರೂ ಬೇಕು. ಈ ನೀರಿನ ಮಾತು ನೆನಪಿಟ್ಕಳಿ, ಮುಂದ ಬತ್ತದ.

ಹೊಸ ಕಾರು ಬಂದ ಮ್ಯಾಲ ಮನೇಲಿ ನಿದ್ದೆ ಕಮ್ಮಿ ಆಯ್ತು. ಹೊಸ ಮಗು ಬಂದಂಗೇ. ಸೀನಿದ್ರೂ ಗಾಬರಿ. ಮೊದಲ್ನೇದು, ಬಸ್ ಸ್ಟ್ಯಾಂಡ್ ಮುಂದ ಸಂತೆ ದಿನದ ಸಂದಣಿಲಿ ಕಾರು ಜರ್ಕ್ ಹೊಡೀತಿತ್ತು. ಕುಂತೋರು ಕತ್ತು ಆಡಿಸ್ಬೇಕು. ಎರಡ್ನೇದು, ಗಾಡಿ ಆಫ್ ಮಾಡಿ ಒಳಗ ಬಂದು ನೀರು ಕುಡುದ್ರೂ ಹೊರಗ ಫ್ಯಾನು ಗುಯ್ ಅಂತಿರೋದು. ಮೂರ್ನೇದು, ಬೆಳಗ್ಗೆ ಹೊತ್ತು ಬ್ರೇಕ್ ಹಿಡುದ್ರ ಕೀ ಅನ್ನೋ ಸದ್ದು. ನಾಕ್ನೇದು, ಕಾರಿನ ಅಡಿಲಿ ನೀರು. ಐದ್ನೇದು, ಟಯರ್ ಗುರುತಿನ ಹಳದಿ ದೀಪ. ಮಗ ಮೈಸೂರಿನ ಸರ್ವಿಸ್ ಸೆಂಟರಿಗ ಒಂದ್ಸಲ ತಕ್ಕಂಡು ಹೋದ. "ನಾರ್ಮಲ್ ಸರ್" ಅಂದ್ರು. ಇನ್ನೊಂದ್ಸಲ ಹೋದ. ಆಗ್ಲೂ "ನಾರ್ಮಲ್ ಸರ್". ಮನಗ ಬಂದು ಮೊಖ ಸಣ್ಣಗ ಮಾಡ್ಕಂಡು ಕುಂತ. ಸಾಲದ ಕಂತು ಇನ್ನೂ ಮೂರು ಕಟ್ಟಿದ್ದ ಅಷ್ಟೆ.

ನಾನು ಕೊಳ್ಳೇಗಾಲದಲ್ಲೇ ಆರ್ಟ್ಸ್ ಪಿಯುಸಿ ಓದ್ದೋಳು. ಇಂಜಿನ್ ಗಿಂಜಿನ್ ನಂಗ ಗೊತ್ತಿಲ್ಲ. ಆದ್ರ ಕೂಸ್ಗ ಜ್ವರ ಅಂತ ಡಾಕ್ಟ್ರ ಹತ್ರ ಹೋದ್ರ ಅವರು ಮೊದಲು ಏನು ಕೇಳ್ತಾರ? ಯಾವಾಗಿಂದ, ರಾತ್ರಿ ಜಾಸ್ತಿನಾ ಹಗಲಾ, ಊಟ ಆದ್ಮ್ಯಾಲ ವಾಂತಿನಾ ಮುಂಚೆನಾ. "ಯಾಕೋ ಚೆನ್ನಾಗಿಲ್ಲ" ಅಂದ್ರ ಅವರು ತಾನೇ ಏನು ಮಾಡ್ಯಾರು? ಮಗ ಸರ್ವಿಸ್ ಸೆಂಟರಲ್ಲಿ ಹೇಳಿದ್ದೂ ಅಷ್ಟೇ, "ಏನೋ ಸದ್ದು ಬತ್ತದ ಸರ್" ಅಂತ. ಅದ್ಕ ನನ್ನ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಲಿ ಗೆರೆ ಎಳ್ದೆ. ತಾರೀಕು, ಎಷ್ಟು ಕಿಲೋಮೀಟರ್ ಓಡ್ಯದ, ಇಂಜಿನ್ ತಣ್ಣಗಿತ್ತಾ ಕಾದಿತ್ತಾ, ಏನಾಯ್ತು, ಯಾವಾಗ ನಿಂತ್ತು. ಮಗ ಕಾರು ಓಡಿಸಿದ್ರ ನಾನು ಪಕ್ಕದಲ್ಲಿ ಪುಸ್ತಕ ಹಿಡ್ಕಂಡು ಕುಂತ್ಕತಿದ್ದೆ. "ಅವ್ವ, ಕಂಡಕ್ಟರ್ ಆಗ್ಬುಟ್ಟಲ್ಲ" ಅಂತ ನಗೋನು.

ಮೂರು ವಾರ ಬರುದ್ಮ್ಯಾಲ ಒಂದೊಂದೇ ಗಂಟು ಬಿಚ್ತು.

ಜರ್ಕ್ ಬರೋದು ಆಮೆ ಹಂಗ ತೆವಳುವಾಗ ಮಾತ್ರ. ಯಳಂದೂರು ರಸ್ತೆಲಿ ಓಡುವಾಗ ಇಲ್ಲವೇ ಇಲ್ಲ. ಈ ಕಾರಲ್ಲಿ ಕ್ಲಚ್ ಪೆಡಲ್ ಇಲ್ಲ, ಒಳಗ ಎರಡು ಕ್ಲಚ್ ಅವ. ಒಂದು 1, 3, 5ನೇ ಗೇರಿಗ, ಇನ್ನೊಂದು 2, 4, 6ಕ್ಕ. ಒಂದು ಕೈಲಿ ದೋಸೆ ಮಗುಚ್ತಿರುವಾಗ್ಲೇ ಇನ್ನೊಂದು ಕೈ ಹಿಟ್ಟು ತುಂಬ್ಕಂಡು ನಿಂತಿರ್ತದಲ್ಲ, ಹಂಗ. ಅದ್ಕೇ ಓಡುವಾಗ ಗೇರ್ ಬದಲಾದದ್ದು ಗೊತ್ತೇ ಆಗಲ್ಲ. ಆದ್ರ ಇಂಚಿಂಚು ತೆವಳಿಸಿದ್ರ ಕ್ಲಚ್ ಅತ್ತ ಪೂರ್ತಿ ಹಿಡಿಯಲ್ಲ, ಇತ್ತ ಪೂರ್ತಿ ಬಿಡಲ್ಲ. ಅರೆಬರೆ ಉಜ್ಜಿ ಕಾಯ್ತದ, ನಡುಗ್ತದ. ಮುಂದಿನ ಗಾಡಿ ನಾಕು ಮಾರು ಹೋಗೋತನಕ ಬ್ರೇಕ್ ಮ್ಯಾಲ ನಿಂತು, ಆಮ್ಯಾಲ ಒಂದೇ ಸಲ ಬುಟ್ರ ಜರ್ಕ್ ಮುಕ್ಕಾಲು ಪಾಲು ಹೋಯ್ತು.

ಫ್ಯಾನು ತಿರುಗೋದು ಟರ್ಬೊ ಬಿಸಿ ಇಳಿಸೋಕ. ಅದು ತಪ್ಪಲ್ಲ, ಇಂಜಿನ್ ಕಾದಿತ್ತು ಅನ್ನೋದರ ಗುರುತು. ಏರು ಹತ್ತಿ ಬಂದ್ರ ತಕ್ಷಣ ಆಫ್ ಮಾಡ್ದೆ ಒಂದು ನಿಮಿಷ ಸುಮ್ನ ಬಿಡಬೇಕು ಅಷ್ಟೆ. ಬ್ರೇಕಿನ ಕೀ ಸದ್ದು ನಾನು ಹಿಂದಿನ ಸಂಜೆ ಕಾರು ತೊಳೆದ ದಿನವೇ ಬರ್ತಿತ್ತು! ರಾತ್ರಿಗ ಬ್ರೇಕ್ ತಟ್ಟೆ ಮ್ಯಾಲ ತೆಳ್ಳಗ ತುಕ್ಕು ಹಿಡೀತದ, ಎರಡು ಮೂರು ಸಲ ಬ್ರೇಕ್ ಹಿಡುದ್ರ ಉಜ್ಜಿ ಹೋಯ್ತದ. ನಮ್ಮ ಕಬ್ಬಿಣದ ಕಾವಲಿ ಹಂಗೇ. ಅಡಿಲಿದ್ದ ನೀರು ಏಸಿ ನೀರು. ಬೆರಳಲ್ಲಿ ಮುಟ್ಟಿ ನೋಡ್ದೆ, ಬಣ್ಣ ಇಲ್ಲ, ವಾಸನೆ ಇಲ್ಲ, ಜಿಡ್ಡಿಲ್ಲ. ಟಯರ್ ದೀಪ ಬಂದದ್ದು ಬಿಳಿಗಿರಿರಂಗನ ಬೆಟ್ಟದಲ್ಲಿ ರಾತ್ರಿ ಉಳ್ಕಂಡ ಬೆಳಗ್ಗೆ. ಚಳಿಗ ಗಾಳಿ ಕುಗ್ತದ. ಐದಾರು ಡಿಗ್ರಿ ಇಳುದ್ರ ಟಯರಲ್ಲಿ ಒಂದು ಪಾಯಿಂಟ್ ಗಾಳಿ ಕಮ್ಮಿ ತೋರಿಸ್ತದ. ಪೆಟ್ರೋಲ್ ಬಂಕಲ್ಲಿ ಓಡಿ ಓಡಿ ಕಾದಿದ್ದ ಟಯರಿಗ ಅಳತೆ ನೋಡಿ ತುಂಬಿಸಿದ್ರು, ಅದು ತಣ್ಣಗಾದ್ಮ್ಯಾಲ ಕಮ್ಮಿನೇ. ಗಾಳಿ ನೋಡೋದು ಬೆಳಗ್ಗೆ ಗಾಡಿ ತೆಗೆಯೋಕ ಮುಂಚೆ.

ಐದಕ್ಕ ಐದೂ ರೋಗ ಅಲ್ಲ, ಸ್ವಭಾವ. ಸರ್ವಿಸ್ ಸೆಂಟರಿನೋರು ಹೇಳಿದ್ದು ಸುಳ್ಳಾಗಿರಲಿಲ್ಲ. ನಂಗೂ ಹೆಮ್ಮೆ ಆಯ್ತು. ಆ ಹೆಮ್ಮೆಯೇ ಕಣ್ಣಿಗ ಪೊರೆ ಕಟ್ತು ಅನ್ನಿ.

ಯಾಕಂದ್ರ ಆ ಬಿಳಿಗಿರಿರಂಗನ ಬೆಟ್ಟದ ದಿನ ಇನ್ನೊಂದು ನಡೆದಿತ್ತು. ಯಳಂದೂರು ದಾಟಿ ಬೆಟ್ಟ ಹತ್ತಿ ಮ್ಯಾಲ ನಿಲ್ಲಿಸಿ, ಹೂವು ತರೋಕ ಇಳಿದು ವಾಪಸ್ ಬರುವಾಗ ಕಾರಿನ ಮುಂದ ಬೆಲ್ಲ ಸೀದ ವಾಸನೆ. ಯಾರೋ ಪ್ರಸಾದಕ್ಕ ಪಾಕ ಮಾಡ್ತವ್ರೆ ಅಂದ್ಕಂಡೆ. ಮುಂದಿನ ವಾರ ನಮ್ಮನೆ ಮುಂದ್ಲೇ ಬಂತು. ನಮ್ಮ ಒಲೆ ಮ್ಯಾಲ ಏನೂ ಇರಲಿಲ್ಲ. ಪುಸ್ತಕ ಕೈಲಿತ್ತು. ಬರೀಲಿಲ್ಲ.

ಯಾಕ ಬರೀಲಿಲ್ಲ ಅಂತ ನನ್ನ ನಾನೇ ಎಷ್ಟೋ ಸಲ ಕೇಳ್ಕಂಡಿವ್ನಿ. ಕಾರಲ್ಲಿ ಬೆಲ್ಲದ ವಾಸನೆ ಅಂದ್ರ ನಗ್ತಾರ ಅನ್ನೋದು ಒಂದು. ಅದ್ಕಿಂತ ದೊಡ್ಡದು ಇನ್ನೊಂದು. ಬರೋ ಸೋಮವಾರ ಮಾದಪ್ಪನ ಬೆಟ್ಟದಲ್ಲಿ ಮೊಮ್ಮಗನ ಮುಡಿ ಇತ್ತು. ಮಗಳು ಹತ್ತು ತಿಂಗಳ ಕೂಸು ಎತ್ಕಂಡು ಬಂದಿದ್ಳು. ಮೊಮ್ಮಗನ ದೆಸೆಯಿಂದ ಇವರು ಕೊನೆಗೂ "ಆಗ್ಲಿ, ಅದ್ರಲ್ಲೇ ಹೋಗಣ" ಅಂದಿದ್ರು. ಎರಡು ತಿಂಗಳಾದ್ಮ್ಯಾಲ ಅಪ್ಪ ಮಗ ಒಂದೇ ಗಾಡಿಲಿ ಕೂರೋರಿದ್ರು. ಈಗ ನಾನು "ಕಾರಲ್ಲಿ ಏನೋ ವಾಸನೆ" ಅಂದ್ರ, ಇವರು "ನಾ ಹೇಳಿರ್ಲಿಲ್ವಾ" ಅಂತಾರ, ಅಂವ ಎದ್ದು ಮೈಸೂರಿಗ ಹೋಯ್ತನ. ಬೆಟ್ಟದಿಂದ ಬಂದ್ಮ್ಯಾಲ ಹೇಳದು ಅಂದ್ಕಂಡೆ.

ಭಾನುವಾರ ಮಧ್ಯಾಹ್ನ ಹೊರಟ್ವಿ. ಐದು ಜನ, ಬ್ಯಾಗು, ಅಕ್ಕಿ ಬೇಳೆ, ಏಸಿ ಜೋರು. ಹನೂರು ಆಯ್ತು, ಕೌದಳ್ಳಿ ಆಯ್ತು. ತಾಳುಬೆಟ್ಟದಲ್ಲಿ ಇಳಿದು ಕಾಯಿ ಒಡೆದು ಘಾಟಿ ಹತ್ತಿದ್ವಿ. ಕಾರಿನ ಜೋರು ಅಂದ್ರ ಜೋರು! ಬಸ್ಸು ನರಳಿ ನರಳಿ ಹತ್ತೋ ತಿರುವೆಲ್ಲ ಅದು ನೀರು ಕುಡಿದಂಗ ಹತ್ತಿತು. ಮುಂದ ಕುಂತಿದ್ದ ಇವರ ಮೊಖ ಕನ್ನಡೀಲಿ ನೋಡ್ದೆ. ಒಂಚೂರು ಮೀಸೆ ಅಡಿಲಿ ನಗ್ತಿದ್ರು. ನಂಗ ಅಷ್ಟೇ ಸಾಕಿತ್ತು. ಆಗ ಬಂತು ಮತ್ತ ಆ ವಾಸನೆ, ಏಸಿ ಗಾಳಿ ಜೊತ್ಗೇ. ಮಗಳು "ಏನೋ ಸಿಹಿ ವಾಸನೆ ಕನವ್ವ" ಅಂದ್ಳು. ನಾನು ಏನಂದೆ ಗೊತ್ತಾ? "ಬ್ಯಾಗಲ್ಲಿ ಬೆಲ್ಲದಚ್ಚು ಅವ, ಬಿಸ್ಲಿಗ ಕರಗ್ಯಾವೇನೋ." ಆ ಸುಳ್ಳು ಬಾಯಿಗ ಎಷ್ಟು ಸಲೀಸಾಗಿ ಬಂತು!

ಸೋಮವಾರ ಅಂತರಗಂಗೆಲಿ ಸ್ನಾನ, ಮುಡಿ, ದರ್ಶನ ಎಲ್ಲ ಚೆನ್ನಾಗಿ ಆಯ್ತು. ಮಧ್ಯಾಹ್ನದ ಹೊತ್ತಿಗ ಇಳಿಯೋಕ ಹೊರಟ್ವಿ. ಎರಡು ತಿರುವು ಇಳೀತಿದ್ದಂಗ ಇನ್ನೊಂದು ವಾಸನೆ, ಬಟ್ಟೆ ಸುಟ್ಟಂಗ. ಇದು ಬೇರೆ. ಇವರಿಗ ತಕ್ಷಣ ಗೊತ್ತಾಯ್ತು.

"ಬ್ರೇಕ್ ಕಾಯ್ತಾ ಅದ. ಏರಿದ ಗೇರಲ್ಲೇ ಇಳಿ."

ಎರಡು ತಿಂಗಳಲ್ಲಿ ಮಗನ್ಗ ಅವರು ನೇರಕ್ಕ ಹೇಳಿದ ಮೊದಲ ಮಾತದು. ಬಸ್ ಡ್ರೈವರುಗಳ ಹಳೇ ಪಾಠ. ಯಾವ ಗೇರಲ್ಲಿ ಹತ್ತಿದ್ಯೋ ಅದೇ ಗೇರಲ್ಲಿ ಇಳುದ್ರ ಇಂಜಿನ್ನೇ ಗಾಡಿನ ಹಿಡ್ಕತದ, ಬ್ರೇಕ್ ತುಳೀತಾ ಇರಬೇಕಾಗಿಲ್ಲ. ತನ್ನಷ್ಟಕ್ಕ ಗೇರ್ ಹಾಕ್ಕಳ್ಳೋ ಕಾರಲ್ಲೂ ಕೈಲಿ ಗೇರ್ ಇಳಿಸೋ ದಾರಿ ಇರ್ತದ. ಮಗ ಎರಡಕ್ಕ ಇಳಿಸಿದ. ಇಂಜಿನ್ ಗೊಯ್ ಅಂತು, ಗಾಡಿ ತಾನೇ ನಿಧಾನ ಆಯ್ತು, ಬಟ್ಟೆ ಸುಟ್ಟ ವಾಸನೆ ಹೋಯ್ತು.

ಕೌದಳ್ಳಿ ದಾಟಿ ಹನೂರು ಕಡೆ ಬರ್ತಿದ್ವಿ. ಬಿಸಿಲು ಸುಡ್ತಿತ್ತು. ಕೂಸು ಬೋಳು ತಲೆ ಮ್ಯಾಲ ಗಂಧ ಬಳ್ಕಂಡು ಮಲಗಿತ್ತು. ಟಣ್ ಅಂತ ಸದ್ದಾಯ್ತು. ಮುಂದ ಕೆಂಪು ದೀಪ.

"ಟೆಂಪರೇಚರ್" ಅಂದ ಮಗ. "ಊರ್ ತನಕ ಹೋಗ್ಬುಡಣ, ಇನ್ನೊಂದು ಹತ್ತು ನಿಮಿಷ."

"ನಿಲ್ಸು" ಅಂದ್ರು ಇವರು.

"ಅಪ್ಪ, ಇಲ್ಲಿ ನೆರಳೂ ಇಲ್ಲ, ಕೂಸು..."

"ನಿಲ್ಸು ಅಂದ್ನಲ್ಲ!"

ನಿಲ್ಲಿಸಿದ. ಇಂಜಿನ್ ಆಫ್ ಮಾಡಿ ಇಳಿದು ಬಾನೆಟ್ ಎತ್ತಿದ. ಒಳಗಿಂದ ಬಿಸಿ ಗಾಳಿ ರಪ್ಪಂತ ಬಂತು, ಜೊತ್ಗ ಬೆಲ್ಲ ಸೀದ ವಾಸನೆ, ಈ ಸಲ ಗಂಟಲು ಹಿಡಿಯೋವಷ್ಟು. ಕೂಲೆಂಟ್ ನೀರಿನ ಪ್ಲಾಸ್ಟಿಕ್ ಬಾಟಲಿಲಿ ಏನೂ ಕಾಣ್ತಿರಲಿಲ್ಲ. ಮಗ ಗಾಬರಿಲಿ ಕರ್ಚೀಪು ಸುತ್ಕಂಡು ಅದರ ಮುಚ್ಚಳಕ್ಕ ಕೈ ಹಾಕ್ದ. ಇವರು ಅವನ ರಟ್ಟೆ ಹಿಡಿದು ಹಿಂದಕ್ಕ ಎಳೆದ ರಭಸಕ್ಕ ಅಂವ ರಸ್ತೆ ಪಕ್ಕ ಬಿದ್ದ.

"ಕುಕ್ಕರ್ ವಿಷಲ್ ಇಳೀದೆ ಮುಚ್ಚಳ ತೆಗೀತಾಳಾ ನಿಮ್ಮವ್ವ?"

ಅದು ಅಕ್ಷರಕ್ಕ ಅಕ್ಷರ ನಿಜ. ಕುಕ್ಕರ್ ಒಳಗ ಒತ್ತಡ ಇರೋದ್ರಿಂದ ನೀರು 120 ಡಿಗ್ರಿ ಹತ್ರ ಹೋದ್ರ ಮಾತ್ರ ಕುದೀತದ. ಕಾರಿನ ಕೂಲೆಂಟ್ ದಾರಿಲೂ ಅದೇ ಲೆಕ್ಕ. ಮುಚ್ಚಳ ತೆಗುದ್ರ ಒತ್ತಡ ಹೋಯ್ತದ, ಕಾದ ನೀರು ಒಂದೇ ಸಲ ಕುದ್ದು ಆವಿ ಜೊತ್ಗ ಮೊಖಕ್ಕ ಹಾರ್ತದ. ಬಸ್ಸಿನ ರೇಡಿಯೇಟರ್ ಮುಚ್ಚಳ ತೆಗೆದು ಮೊಖ ಬೇಯಿಸ್ಕಂಡವರನ್ನ ಇವರು ಕಣ್ಣಾರೆ ಕಂಡವ್ರೆ. ನನ್ನ ಮಗನ ಮೊಖ ಅವತ್ತು ಒಂದು ಗೇಣು ದೂರದಲ್ಲಿತ್ತು.

ನಾನು ಅಲ್ಲೇ ರಸ್ತೆ ಪಕ್ಕ ಕುಂತ್ಕಂಡೆ. "ನಂಗ ಗೊತ್ತಿತ್ತು" ಅಂದೆ. "ಈ ವಾಸನೆ ಮೂರು ವಾರದಿಂದ ಬತ್ತದ. ನಾನೇ ಹೇಳ್ಲಿಲ್ಲ."

ಇಬ್ಬರೂ ನನ್ನ ಮೊಖ ನೋಡಿದ್ರು. ಬೈತಾರ ಅಂದ್ಕಂಡೆ. ಇವರು ಸ್ವಲ್ಪ ಹೊತ್ತು ಸುಮ್ನ ನಿಂತು, "ನಾವು ಹೇಳೋ ಹಂಗ ಮಡಗಿದ್ರಲ್ವಾ ಅಮ್ಮಿ, ನೀ ಹೇಳದು" ಅಂದ್ರು. ಆ ಮಾತಿಗ ನಂಗ ಅಳು ಬಂತು.

ದಾರಿಲಿ ಬಂದ ಒಂದು ಜೀಪಲ್ಲಿ ಮಗಳು ಕೂಸನ್ನ ಹನೂರಿಗ ಕಳಿಸಿದ್ವಿ. ಮಗ ಕಂಪನಿಯ ಸಹಾಯದ ನಂಬರಿಗ ಫೋನ್ ಮಾಡ್ದ. ಗಾಡಿ ಹೊರೋ ಲಾರಿ ಮೈಸೂರು ಕಡೆಯಿಂದ ಬರೋಕ ಮೂರು ಗಂಟೆ ಮ್ಯಾಲಾಯ್ತು. ಈ ಕಾಡು 2013ರಲ್ಲಿ ವನ್ಯಜೀವಿ ಧಾಮ ಆಗ್ಯದ, ಕತ್ತಲಾದ್ರ ಆನೆ ಭಯ. ಅದ್ಕ ನಂಗ ಬಿಸಿಲು ಇಳೀದಿದ್ರ ಸಾಕು ಅನ್ನಿಸ್ತಿತ್ತು. ಅಪ್ಪ ಮಗ ಇಬ್ಬರೂ ಜಾಲಿ ಮರದ ಅಡಿಲಿ ಬೆಲ್ಲದಚ್ಚು, ಪುರಿ ತಿಂತಾ ಕುಂತ್ರು. "ಕೆಂಪು ದೀಪ ಬಂದ್ಮ್ಯಾಲ ಒಂದು ಕಿಲೋಮೀಟರ್ ಓಡ್ಸಿದ್ರೂ ಇಂಜಿನ್ ತಲೆ ಸೊಟ್ಟಗಾಯ್ತದ. ಹಳದಿ ದೀಪ ಬಂದ್ರ ನೋಡಣ ಅನ್ನು, ಕೆಂಪು ಬಂದ್ರ ನಿಲ್ಸು" ಅಂತ ಇವರು ಹೇಳ್ತಿದ್ರು. ಅಂವ ಹೂಂಗುಟ್ತಿದ್ದ.

ಮಾರನೇ ದಿನ ಸರ್ವಿಸ್ ಸೆಂಟರಿಗ ನಾನೂ ಹೋದೆ, ಪುಸ್ತಕ ತಕ್ಕಂಡು. ಅಲ್ಲೊಂದು ತಮಾಷೆ ಆಯ್ತು. ಬಾಟಲಿ ಬಾಯಿಗ ಕೈಪಂಪು ಸಿಕ್ಕಿಸಿ ಗಾಳಿ ಒತ್ತಿ ನೋಡಿದ್ರು. ಗೇಜಿನ ಮುಳ್ಳು ಅಲ್ಲಾಡ್ಲಿಲ್ಲ. ಎಲ್ಲೂ ಸೋರ್ತಿಲ್ಲ! "ಫ್ಯಾಕ್ಟರಿಲೇ ಕಮ್ಮಿ ತುಂಬಿಸಿರಬಹುದು, ಈಗ ಫುಲ್ ಮಾಡಿ ಕೊಡ್ತೀವಿ" ಅಂದ್ರು. ಮಗ ತಲೆ ಆಡಿಸೋಕ ಹೊರಟಿದ್ದ. ನಾನು ಪುಸ್ತಕ ತೆಗ್ದೆ. ಹಿಂದಿನ ರಾತ್ರಿ ಕುಂತು, ವಾಸನೆ ಬಂದ ದಿನಾನೆಲ್ಲ ನೆನಪಿಂದ ಬರೆದಿದ್ದೆ.

"ನೋಡಪ್ಪ, ಮೂರು ಸಲ ಬಂದದೆ. ಮೂರು ಸಲನೂ ಇಂಜಿನ್ ಚೆನ್ನಾಗಿ ಕಾದಿತ್ತು. ಎರಡು ಸಲ ಗಾಡಿ ನಿಲ್ಲಿಸಿ ಐದು ಹತ್ತು ನಿಮಿಷ ಆದ್ಮ್ಯಾಲ ಬಂತು. ತಣ್ಣಗಿರುವಾಗ ಒಂದ್ಸಲನೂ ಬಂದಿಲ್ಲ. ನೀವು ತಣ್ಣಗಿರುವಾಗ ನೋಡಿದ್ರಿ."

ಅಡ್ವೈಸರ್ ಹುಡುಗ ಒಳಗ ಹೋಗಿ ಹಿರಿಯ ಮೆಕ್ಯಾನಿಕ್ ಒಬ್ಬರನ್ನ ಕರ್ಕಂಡು ಬಂದ. ಅವರು ಪುಸ್ತಕ ಈಸ್ಕಂಡು ಎರಡು ಸಲ ಓದಿದ್ರು. ಆಮ್ಯಾಲ ಕೂಲೆಂಟ್ ತುಂಬಿಸಿ, ಕಾರನ್ನ ಅರ್ಧ ಗಂಟೆ ಚೆನ್ನಾಗಿ ಓಡಿಸಿ ತಂದು, ಆಫ್ ಮಾಡಿ, ಕೆಳಗಿನ ತಗಡು ಬಿಚ್ಚಿ, ಟಾರ್ಚ್ ಹಿಡ್ಕಂಡು ಕಾಯ್ತಾ ಕುಂತ್ರು. ಓಡುವಾಗ ನೀರು ಸುತ್ತಾಡಿ ಬಿಸಿ ಹೊತ್ಕಂಡು ಹೋಯ್ತಿರ್ತದ. ನಿಲ್ಲಿಸಿದ ಹೊಸ್ತಿಗ ನೀರಿನ ಓಟ ನಿಂತೋಯ್ತದ, ಟರ್ಬೊ ಬಿಸಿ ಅಲ್ಲೇ ಉಳ್ಕತದ. ಒಲೆ ಆರಿಸಿದ್ರೂ ಕಾವಲಿ ಮ್ಯಾಲಿನ ದೋಸೆ ಸೀಯಲ್ವಾ, ಹಂಗ. ಏಳು ನಿಮಿಷಕ್ಕ ವಾಸನೆ ಬಂತು. "ಬಂತು" ಅಂದೆ. ಅವರು ಟಾರ್ಚ್ ತಿರುಗಿಸಿದ್ರು. ಟರ್ಬೊಗ ಹೋಗೋ ಚಿಕ್ಕ ಹೋಸ್ ಪೈಪಿನ ಕ್ಲಾಂಪು ಅದರ ಜಾಗದಲ್ಲಿ ಸರಿಯಾಗಿ ಕುಂತಿರಲಿಲ್ಲ, ಒಂದು ಅಕ್ಕಿ ಕಾಳಿನಷ್ಟು ಆ ಕಡೆಗಿತ್ತು. ಅಲ್ಲಿಂದ ಒಂದೊಂದೇ ಹನಿ ಬಿಸಿ ತಗಡಿನ ಮ್ಯಾಲ ಬಿದ್ದು ಚುಂಯ್ ಅಂತ ಆವಿ ಆಗ್ತಿತ್ತು. ಅದ್ಕೇ ನೆಲದ ಮ್ಯಾಲ ಒಂದು ಹನಿನೂ ಕಾಣ್ತಿರಲಿಲ್ಲ. ಸುತ್ತ ಗುಲಾಬಿ ಬಣ್ಣದ ಪುಡಿ ಕಟ್ಟಿತ್ತು, ನಮ್ಮ ಬೋರ್‌ವೆಲ್ ನೀರು ಕಾಯ್ಸಿದ ಪಾತ್ರೆಲಿ ಬಿಳೀ ಪುಡಿ ಕಟ್ತದಲ್ಲ, ಹಂಗೇ.

ಹೊಸ ಕ್ಲಾಂಪು, ಹೊಸ ಪೈಪು ಹಾಕಿದ್ರು. ವಾರಂಟಿ, ದುಡ್ಡಿಲ್ಲ. ಇಂಜಿನ್ನಿಗ ಪೆಟ್ಟಾಗ್ಯದಾ ನೋಡೋಕ ನೀಲಿ ದ್ರಾವಣದ ಪರೀಕ್ಷೆ ಮಾಡಿದ್ರು. ಕೂಲೆಂಟ್ ದಾರಿಗ ಇಂಜಿನ್ ಹೊಗೆ ನುಗ್ಗಿದ್ರ ಆ ನೀಲಿ ಹಳದಿ ಆಯ್ತದ. ನೀಲಿ ನೀಲಿಯಾಗೇ ಉಳೀತು. "ತಕ್ಷಣ ನಿಲ್ಲಿಸಿದ್ದಕ್ಕ ಉಳೀತು. ಯಾರು ನಿಲ್ಲಿಸಿದ್ದು?" ಅಂದ್ರು ಅವರು. ಮಗ "ನಮ್ಮಪ್ಪ" ಅಂದ. ಮನಗ ಬಂದು ಆ ಮಾತನ್ನ ನಾನೇ ಟಪಾಲು ಮುಟ್ಟಿಸ್ದೆ. ಇವರು ಪೇಪರಿಂದ ತಲೆ ಎತ್ತಲಿಲ್ಲ, ಆದ್ರ ಅದೇ ಪುಟ ಬೋ ಹೊತ್ತು ಓದ್ತಾ ಇದ್ರು.

ಇನ್ನೊಂದು ವಿಷಯ ಅಲ್ಲಿ ಬೆಳಕಿಗ ಬಂತು. ಹಿಂದ ಮಗ ಎರಡು ಸಲ ಗಾಡಿ ತೋರ್ಸೋಕ ಹೋಗಿದ್ನಲ್ಲ, ಎರಡ್ನೇ ಸಲ ಅವರು ಕೂಲೆಂಟ್ ಕಮ್ಮಿ ಇದ್ದದ್ದು ಕಂಡು ತುಂಬಿಸಿದ್ರು. ತುಂಬಿಸಿದ್ದನ್ನ ಯಾರೂ ಹೇಳಿರಲಿಲ್ಲ. ಉಪಕಾರಕ್ಕೇ ಮಾಡಿದ್ರು, ಆದ್ರ ಇದ್ದ ಒಂದು ಸಾಕ್ಷಿನೂ ಅಳಿಸಿ ಹೋಯ್ತು. ನನ್ನದೂ ಅದೇ ಕೆಲಸ ಅಲ್ವಾ? ಎಲ್ಲಾರ ಒಳ್ಳೇದಕ್ಕ ಅಂತ ನಾನು ಬಾಯಿ ಮುಚ್ಕಂಡೆ.

ನಿಮ್ಮನಗೂ ಹೊಸ ಗಾಡಿ ಬಂದ್ರ ನಾನು ಹೇಳೋದು ಇಷ್ಟು. ಮೊದಲ ಸಾವಿರ ಕಿಲೋಮೀಟರ್ ಜೋರಾಗಿ ಎಳೆಯೋದೂ ಬ್ಯಾಡ, ಒಂದೇ ವೇಗದಲ್ಲಿ ಗಂಟೆಗಟ್ಟಲೆ ಹೋಗೋದೂ ಬ್ಯಾಡ. ವಾರಕ್ಕ ಒಂದ್ಸಲ, ಬೆಳಗ್ಗೆ ಇಂಜಿನ್ ತಣ್ಣಗಿರುವಾಗ, ಗಾಡಿ ಮಟ್ಟದ ಜಾಗದಲ್ಲಿ ನಿಂತಿರುವಾಗ ಎಣ್ಣೆ ಮತ್ತ ಕೂಲೆಂಟ್ ನೋಡಿ. ಕೂಲೆಂಟ್ ಬಾಟಲಿ ಮ್ಯಾಲ ಸ್ಕೆಚ್ ಪೆನ್ನಲ್ಲಿ ಗೆರೆ ಎಳೀರಿ. ಗೆರೆಯಿಂದ ಇಳೀತಾ ಬಂದ್ರ ಎಲ್ಲೋ ಹೋಯ್ತಾ ಅದ ಅಂತಲೇ ಅರ್ಥ, ಆ ದಾರಿ ಮುಚ್ಚಿದ ಪಾತ್ರೆ ಹಂಗ. ಸರ್ವಿಸಿಗ ಕೊಡೋಕ ಮುಂಚೆ ಆ ಗೆರೆದೂ ಕಿಲೋಮೀಟರ್‌ದೂ ಫೋಟೊ ತಕ್ಕಳಿ, ವಾಪಸ್ ಬಂದಾಗ ಏನು ತುಂಬಿಸಿದ್ರಿ ಅಂತ ಕೇಳಿ ಬರೆಸ್ಕಳಿ. ಬೋರ್‌ವೆಲ್ ನೀರು ಮಾತ್ರ ಹಾಕಬ್ಯಾಡಿ. ಕೂಲೆಂಟ್ ಸಿಹಿ ವಾಸನೆ ಬಂದ್ರೂ ಅದು ವಿಷ, ಸೋರಿದ್ದನ್ನ ನಾಯಿ ನೆಕ್ಕೋಕ ಬಿಡಬ್ಯಾಡಿ, ಮಕ್ಕಳ ಕೈಗ ಸಿಗದಂಗ ಇಡಿ. ಕಾದ ಇಂಜಿನ್ನಿನ ಮುಚ್ಚಳ ತೆಗೀಬ್ಯಾಡಿ ಅಂತ ಇನ್ನೊಂದ್ಸಲ ಹೇಳ್ಬೇಕಾ?

ಈಗ ಶನಿವಾರ ಬೆಳಗ್ಗೆ ಬಾನೆಟ್ ಎತ್ತಿದ್ರ ಇವರೇ ಮೊದಲು ಕನ್ನಡಕ ಹಾಕ್ಕಂಡು ಬತ್ತಾರ. ಗೆರೆ ನೋಡ್ತಾರ. "ಪರವಾಗಿಲ್ಲ" ಅಂತಾರ. ಕಾಂಪೌಂಡಿಗ ಇನ್ನೂ ಗಾರೆ ಆಗಿಲ್ಲ, ಆ ಜಗಳ ಹಂಗೇ ಅದ. ಆದ್ರ ಜಗಳ ಈಗ ಬಾಯಿ ಬಿಟ್ಟು ಆಯ್ತದ, ನಾನು ಟಪಾಲು ಹೊರೋದು ತಪ್ಪಿತು.

ಹಾಲಿನ ಪುಸ್ತಕದಲ್ಲಿ ಒಂದು ಗೆರೆ ಜಾಸ್ತಿ ಎಳೆದಿವ್ನಿ. ಏನಾಯ್ತು, ಯಾವಾಗ ನಿಂತ್ತು ಅನ್ನೋದರ ಪಕ್ಕದಲ್ಲಿ, "ಯಾರ್ಗ ಹೇಳ್ದೆ" ಅಂತ.